ಒರಳಿನ ಬಾವುಟದ ಅಧ್ಯಕ್ಷರು

ಅಧ್ಯಕ್ಷರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಬಣ್ಣವಿರುತ್ತಿತ್ತು. ಹೆಬ್ಬೆರಳಿನಲ್ಲಿ ಕೆಂಪು, ತೋರುಬೆರಳಿನಲ್ಲಿ ಹಳದಿ, ಕಿರುಬೆರಳಿನಲ್ಲಿ ಒಂದಿಷ್ಟು ಕಪ್ಪು. ಟರ್ಪೆಂಟೈನಿಗೆ ಬಗ್ಗದ, ಸೋಪಿಗೆ ಜಗ್ಗದ ಎನಾಮೆಲ್. ಅದೇ ಕೈಯಲ್ಲಿ ಅವರು ಬಿಸಿಬೇಳೆಬಾತಿಗೆ ತುಪ್ಪ ಕಲಸುವಾಗ, ಮೊದಲ ಸಲ ಅವರ ಪಕ್ಕದಲ್ಲಿ ಊಟಕ್ಕೆ ಕೂತವರು ತಮ್ಮ ತಟ್ಟೆಯನ್ನು ಸ್ವಲ್ಪ ಈಚೆಗೆ ಎಳೆದುಕೊಳ್ಳುತ್ತಿದ್ದರು. ಅಧ್ಯಕ್ಷರು ಅದನ್ನು ಗಮನಿಸದೆ ಬಿಡುತ್ತಿರಲಿಲ್ಲ. "ಹೆದರ್ಬೇಡಿ, ಇದು ಬ್ರೆಮೆನ್ ಊರಿನ ಕೆಂಪು. ಒಣಗಿ ಮೂರು ದಿನ ಆಯ್ತು" ಎಂದು ಅಭಯ ಕೊಟ್ಟು ತುತ್ತು ಎತ್ತುತ್ತಿದ್ದರು.

ಅಧ್ಯಕ್ಷರು ಎಂದರೆ ಅಮೆರಿಕದ ಅಧ್ಯಕ್ಷರಲ್ಲ. ಅವರ ಕೆಲಸ ಇವರದಷ್ಟು ಕಷ್ಟದ್ದಲ್ಲ. ಇವರು ಡೆಟ್ರಾಯಿಟಿನ ಉತ್ತರಕ್ಕೆ, ಆಬರ್ನ್ ಹಿಲ್ಸ್ ಸುತ್ತಮುತ್ತ ಹರಡಿಕೊಂಡಿದ್ದ ನಮ್ಮ ಚಿಕ್ಕ ಕನ್ನಡ ಬಳಗದ ಅಧ್ಯಕ್ಷರು. ಮೈಸೂರಿನವರು. ಕಾರಿನ ಬಿಡಿಭಾಗ ಮಾಡುವ, ಜರ್ಮನ್ ಮಾಲೀಕರಿದ್ದ ಒಂದು ಕಂಪನಿಯಲ್ಲಿ ಪೇಂಟ್ ಎಂಜಿನಿಯರ್. ಬ್ರಹ್ಮಚಾರಿ. ಯಾಕೆ ಮದುವೆಯಾಗಲಿಲ್ಲ ಎಂದು ನಮ್ಮ ಹೆಂಗಸರು ಕೇಳಿದಾಗ ಅವರು ಕೊಡುತ್ತಿದ್ದ ಕಾರಣ ಜರ್ಮನಿಯ ಊರುಗಳ ಲಾಂಛನಶಾಸ್ತ್ರದಿಂದ ಬಂದದ್ದು: "ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ಹಳದಿ ಅಂದ್ರೆ ಚಿನ್ನ, ಬಿಳಿ ಅಂದ್ರೆ ಬೆಳ್ಳಿ, ಇವೆರಡು ಲೋಹ. ಕೆಂಪು, ನೀಲಿ, ಕಪ್ಪು, ಹಸಿರು, ಇವೆಲ್ಲ ಬಣ್ಣ. ಲೋಹದ ಮೇಲೆ ಬಣ್ಣ ಇರ್ಬೇಕು, ಇಲ್ಲಾ ಬಣ್ಣದ ಮೇಲೆ ಲೋಹ. ಆಗ್ಲೇ ದೂರಕ್ಕೆ ಕಾಣೋದು. ನಾನು ಲೋಹ. ನೋಡಿದ ಹುಡುಗೀರೂ ಎಲ್ಲ ಲೋಹವೇ." ಹೆಂಗಸರು ಮತ್ತೆ ಕೇಳಲಿಲ್ಲ.

ಕಂಪನಿಯವರು ಅವರನ್ನು ಒಂದು ಕಾಲದಲ್ಲಿ ಮೂರು ವರ್ಷ ಜರ್ಮನಿಗೆ ಕಳಿಸಿದ್ದರು. ಬಣ್ಣದ ಕೆಲಸ ಕಲಿತು ಬಾ ಎಂದು ಕಳಿಸಿದರೆ ಇವರು ಬಣ್ಣದ ಧರ್ಮವನ್ನೇ ಕಲಿತು ಬಂದರು. ಉಳಿದವರು ವಾರಾಂತ್ಯಕ್ಕೆ ಕೋಟೆ ನೋಡಲು, ಬಿಯರ್ ಕುಡಿಯಲು ಹೋದರೆ ಇವರು ರೈಲು ಹತ್ತಿ ಯಾವುದೋ ಸಣ್ಣ ಊರಿನಲ್ಲಿ ಇಳಿದು, ಪುರಸಭೆಯ ಬಾಗಿಲ ಮೇಲಿನ ಗುರಾಣಿಯಾಕಾರದ ಲಾಂಛನವನ್ನು ನೋಡಿ, ಅದನ್ನು ಬರೆದುಕೊಂಡು, ಮುಂದಿನ ರೈಲಿಗೆ ಹತ್ತುತ್ತಿದ್ದರು. ಅಲ್ಲಿ ಊರೆಂದರೆ ಅದಕ್ಕೊಂದು ಲಾಂಛನ, ಒಂದು ಬಾವುಟ ಇರಲೇಬೇಕು. ಮ್ಯೂನಿಕ್‌ಗೆ ಸನ್ಯಾಸಿ, ಮೈಂಟ್ಸ್‌ಗೆ ಎರಡು ಚಕ್ರ, ಹ್ಯಾಂಬರ್ಗ್‌ಗೆ ಕೆಂಪಿನ ಮೇಲೆ ಬಿಳಿ ಕೋಟೆ, ಬ್ರೆಮೆನ್‌ಗೆ ಕೆಂಪಿನ ಮೇಲೆ ಬೆಳ್ಳಿಯ ಬೀಗದ ಕೈ. ಲ್ಯೂಬೆಕ್‌ನ ಎರಡು ತಲೆಯ ಹದ್ದನ್ನು ಮೊದಲ ಸಲ ಕಂಡಾಗ ಮೈಸೂರಿನ ಈ ಮನುಷ್ಯ ರಸ್ತೆಯ ಮಧ್ಯೆ ನಿಂತು ಕೈ ಮುಗಿದರಂತೆ. "ನಮ್ಮ ಗಂಡಭೇರುಂಡದ ಷಡ್ಡಕ ಕಣಯ್ಯ. ಸ್ವಲ್ಪ ಸೊರಗಿದ್ದಾನೆ. ಅಲ್ಲಿನ ಊಟ ಹಾಗೆ."

ಕೆಲವು ಊರುಗಳಲ್ಲಿ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಊರಿನ ಲಾಂಛನ ಎರಕ ಹೊಯ್ದಿರುತ್ತದೆ. ಅಧ್ಯಕ್ಷರು ಒಂದು ಭಾನುವಾರ ಬೆಳಿಗ್ಗೆ ಅಂಥದ್ದೊಂದು ಮುಚ್ಚಳದ ಮೇಲೆ ಕಾಗದ ಹಾಸಿ, ಮಂಡಿಯೂರಿ, ಇದ್ದಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದಾಗ ಪೊಲೀಸಿನವನು ಬಂದು ನಿಂತನಂತೆ. ಇವರು ತಮ್ಮ ಹರಕು ಜರ್ಮನ್‌ನಲ್ಲಿ ವಿಷಯ ನಿವೇದಿಸಿದರು. ಆತ ಬಹಳ ಹೊತ್ತು ಯೋಚಿಸಿ, ಈ ಮುಚ್ಚಳ ಸವೆದಿದೆ, ಅಚ್ಚು ಚೆನ್ನಾಗಿ ಬರುವುದಿಲ್ಲ ಎಂದು ಹೇಳಿ, ಎರಡು ಬೀದಿ ಆಚೆ ಇದ್ದ ಒಳ್ಳೆಯ ಮುಚ್ಚಳದ ಹತ್ತಿರ ಕರೆದುಕೊಂಡು ಹೋದನಂತೆ. ಈ ಕಥೆಯನ್ನು ಹೇಳಿ ಮುಗಿಸುವಾಗಲೆಲ್ಲ ಅಧ್ಯಕ್ಷರು ಗಂಭೀರರಾಗುತ್ತಿದ್ದರು. "ಕಾಲಲ್ಲಿ ತುಳಿಯೋ ಜಾಗದಲ್ಲೂ ಊರಿನ ಮರ್ಯಾದೆ ಇಟ್ಕೊಂಡಿದ್ದಾರೆ ನೋಡು."

ಅವರ ಮನೆಯ ಬೇಸ್‌ಮೆಂಟಿನ ಗೋಡೆಗಳ ತುಂಬ ಅವರೇ ಬಣ್ಣ ಹಚ್ಚಿದ ಪ್ಲೈವುಡ್ ಗುರಾಣಿಗಳು. ಒಂದೊಂದೂ ಒಂದೊಂದು ಊರು. ಅಲ್ಲಿಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ, ಅವರು ನನಗೆ ಹೇಳಿದ ಮೊದಲ ಪಾಠ ಇದು: "ಲಾಂಛನ ಅಂದ್ರೆ ಚಿತ್ರ ಅಲ್ಲ ಕಣಯ್ಯ, ಒಂದು ವಾಕ್ಯ. 'ಕೆಂಪು ನೆಲದ ಮೇಲೆ ಬೆಳ್ಳಿಯ ಬೀಗದ ಕೈ.' ಅಷ್ಟೇ ಬ್ರೆಮೆನ್ನು. ನೀನು ಬರೆದ ಕೀ ದಪ್ಪ ಇರ್ಲಿ, ನಾನು ಬರೆದ ಕೀ ಸಣ್ಣ ಇರ್ಲಿ, ಎರಡೂ ಸರಿ. ಫೋನಲ್ಲಿ ಹೇಳಿದ್ರೆ ಆ ಕಡೆಯವನು ಬರೀಬೇಕು. ಬರೆಯಕ್ಕೆ ಆಗ್ಲಿಲ್ಲ ಅಂದ್ರೆ ಅದು ಲಾಂಛನ ಅಲ್ಲ."

ನಮ್ಮ ಬಳಗಕ್ಕೂ ಅವರೊಂದು ಬಾವುಟ ಮಾಡಿದ್ದರು. ಅದರ ವಾಕ್ಯ: ಕೆಂಪು ನೆಲದ ಮೇಲೆ ಚಿನ್ನದ ಒರಳು. ಇದಕ್ಕೆ ಚಾರಿತ್ರಿಕ ಆಧಾರವಿತ್ತು. ಮಹಾಸಂಸ್ಥೆಗಳು ತತ್ವಗಳ ಮೇಲೆ ಹುಟ್ಟುತ್ತವೆ. ನಮ್ಮದು ಉದ್ದಿನಬೇಳೆಯ ಮೇಲೆ ಹುಟ್ಟಿತು. ಬಹಳ ಹಿಂದೆ ಯಾರೋ ಮೈಸೂರಿನಿಂದ ಕಲ್ಲಿನ ಒರಳಿದ್ದ ಒಂದು ಗ್ರೈಂಡರ್ ತಂದಿದ್ದರು. ಅದಕ್ಕೆ ಇಲ್ಲಿನ ಕರೆಂಟು ಸಾಲದೆ ಒಂದು ಟ್ರಾನ್ಸ್‌ಫಾರ್ಮರ್ ಬೇಕಾಗಿ, ಎರಡನ್ನೂ ಸೇರಿಸಿ ಎತ್ತಲು ಇಬ್ಬರು ಬೇಕಾಗಿ, ವಾರಕ್ಕೊಂದು ಮನೆಯಂತೆ ಅದು ತಿರುಗತೊಡಗಿತು. ಯಾವ ವಾರ ಯಾರ ಮನೆ ಎಂಬ ಜಗಳ ತೀರಿಸಲು ಸೇರಿದ ಸಭೆಯೇ ನಮ್ಮ ಬಳಗದ ಮೊದಲ ಮಹಾಸಭೆ.

ಒರಳಿನ ಬಾವುಟಕ್ಕೆ ವಿರೋಧ ಬಾರದೆ ಇರಲಿಲ್ಲ. "ಸಾರ್, ಒಂದು ಸಿಂಹ ಹಾಕಿ ಸಾರ್. ಒರಳು ಹಾಕಿದ್ರೆ ಕೇಟರಿಂಗ್‌ನೋರು ಅನ್ಕೋತಾರೆ" ಎಂದು ನಮ್ಮ ಖಜಾಂಚಿ ಅಂಗಲಾಚಿದ.

"ಸಿಂಹಾನ ನೀನು ಎಲ್ಲಿ ನೋಡಿದ್ದೀಯ?"

"ಮೈಸೂರು ಝೂನಲ್ಲಿ."

"ಬೋನಲ್ಲಿರೋದನ್ನ ಬಾವುಟದ ಮೇಲೆ ಹಾಕ್ಬೇಕಾ? ಜರ್ಮನಿಯಲ್ಲಿ ಬೀಸೋ ಕಲ್ಲಿದೆ, ನೇಗಿಲ ಕುಳ ಇದೆ. ಒರಳಿಗೆ ಏನು ಕಮ್ಮಿ? ಸಿಂಹ ಒಂದು ದಿನಾನಾದ್ರೂ ನಿಂಗೆ ದೋಸೆ ಹಿಟ್ಟು ಕೊಟ್ಟಿದೆಯೇನಯ್ಯ?"

ಭಾನುವಾರದ ಕನ್ನಡ ಕ್ಲಾಸನ್ನೂ ಅವರೇ ನಡೆಸುತ್ತಿದ್ದರು. ಇಲ್ಲೇ ಹುಟ್ಟಿದ, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮ ಮಕ್ಕಳಿಗೆ ಅವರು ಅಕ್ಷರಮಾಲೆಗೂ ಮೊದಲು ಲಾಂಛನದ ವಾಕ್ಯಗಳನ್ನು ಹೇಳಿ ಚಿತ್ರ ಬರೆಸುತ್ತಿದ್ದರು. "ಅಂಕಲ್, ಈಸ್ ಇಟ್ ಅ ಹೌಸ್ ಕೀ ಆರ್ ಅ ಕಾರ್ ಕೀ?" ಎಂದು ನನ್ನ ಮಗ ಕೇಳಿದಾಗ, "ಕಾರ್ ಕೀನೇ ಬರಿ. ನಾವು ಮಿಶಿಗನ್‌ನೋರು" ಎಂದು ಅಪ್ಪಣೆಯಾಯಿತು. ಮಕ್ಕಳು ಕನ್ನಡ ಕಲಿತರು, ಒಂದು ಸಣ್ಣ ತೊಡಕಿನ ಸಮೇತ. ಲಾಂಛನಶಾಸ್ತ್ರದಲ್ಲಿ ಎಡ ಬಲಗಳು ನೋಡುವವನದ್ದಲ್ಲ, ಗುರಾಣಿ ಹಿಡಿದು ನಿಂತವನದ್ದು. ಆದ್ದರಿಂದ ಕಾಗದದ ಮೇಲೆ ನಮ್ಮ ಎಡಕ್ಕಿರುವುದು ಬಲ, ಬಲಕ್ಕಿರುವುದು ಎಡ. ಮಕ್ಕಳಿಗೆ ಈ ಎರಡು ಕನ್ನಡ ಪದಗಳು ಸಿಕ್ಕಿದ್ದೇ ಹೀಗೆ. ಯುಗಾದಿಯ ದಿನ ದೇವಸ್ಥಾನದಲ್ಲಿ ನಮ್ಮ ಅರ್ಚಕರು ತೀರ್ಥ ಕೊಡಲು "ಬಲಗೈ ನೀಡಿ ಮಕ್ಕಳೇ" ಎಂದದ್ದೇ ತಡ, ಬಳಗದ ಅಷ್ಟೂ ಮಕ್ಕಳು ಸಾಲಾಗಿ ಎಡಗೈ ಚಾಚಿದವು. ತಾಯಂದಿರು ಹೌಹಾರಿ ಅಧ್ಯಕ್ಷರ ಮೇಲೆ ಮುಗಿಬಿದ್ದರು. ಅವರು ಒಂದು ಕ್ಷಣ ಪರಿಸ್ಥಿತಿಯನ್ನು ಪರಾಮರ್ಶಿಸಿ, "ಅರ್ಚಕರ ಕಡೆಯಿಂದ ನೋಡಿದ್ರೆ ಸರಿಯಾಗೇ ಇದೆ" ಎಂದು ತೀರ್ಪು ಕೊಟ್ಟರು.

ಆಮೇಲೆ ಆ ಆರ್ಥಿಕ ಹಿಂಜರಿತದ ವರ್ಷಗಳು ಬಂದವು. ಡೆಟ್ರಾಯಿಟಿನ ಸುತ್ತ ಕಾರಿನ ಅನ್ನ ಉಣ್ಣುತ್ತಿದ್ದ ನಮ್ಮಂಥವರ ನಡುವೆ ಒಂದು ಹೊಸ ಶಿಷ್ಟಾಚಾರ ಹುಟ್ಟಿಕೊಂಡಿತು: ಯಾರನ್ನೂ "ಕೆಲಸ ಹೇಗಿದೆ?" ಎಂದು ಕೇಳುವುದಿಲ್ಲ. "ಹೇಗಿದ್ದೀರಿ?" ಎನ್ನುವುದು, ಉತ್ತರಕ್ಕೆ ಕಾಯದೆ ಚಟ್ನಿಯ ಬಗ್ಗೆ ಮಾತಾಡುವುದು. ಸಬ್‌ಡಿವಿಷನ್ನು ಎಂಬ ಬಡಾವಣೆಗಳಲ್ಲಿ ಹುಲ್ಲಿಗಿಂತ 'ಫಾರ್ ಸೇಲ್' ಹಲಗೆಗಳು ಹುಲುಸಾಗಿ ಬೆಳೆದವು. ನಮ್ಮವರು ಒಬ್ಬೊಬ್ಬರಾಗಿ ಟೆಕ್ಸಸ್‌ಗೆ, ಕ್ಯಾರೊಲೈನಾಗೆ, ಕೆಲವರು ಬೆಂಗಳೂರಿಗೂ ಹೊರಟರು. ಬಣ್ಣ ಹಚ್ಚಲು ಕಾರೇ ಇಲ್ಲದ ಮೇಲೆ ಬಣ್ಣದ ಎಂಜಿನಿಯರ್ ಯಾಕೆಂದು ಅಧ್ಯಕ್ಷರನ್ನೂ ಮನೆಗೆ ಕಳಿಸಿದರು. "ಎಷ್ಟೋ ವರ್ಷದಿಂದ ಬೇಸ್‌ಮೆಂಟಿಗೆ ಟೈಮ್ ಇಲ್ಲ ಅಂತಿದ್ದೆ, ಕೊಟ್ರು" ಎಂದಷ್ಟೇ ಹೇಳಿದರು. ಆದರೆ ಅದಾದ ಮೇಲೆ ಭಾನುವಾರದ ಕ್ಲಾಸಿಗೆ ಅವರು ಟೈ ಕಟ್ಟಿಕೊಂಡು ಬರತೊಡಗಿದರು. ವಾರದಲ್ಲಿ ಅವರಿಗೆ ಹೋಗಬೇಕಾದ ಸ್ಥಳ ಅದೊಂದೇ ಉಳಿದಿತ್ತು.

ನನ್ನ ಕೆಲಸವೂ ಹೋಯಿತು. ಕೆಲವು ತಿಂಗಳ ಮೇಲೆ ಶಿಕಾಗೋ ಕಡೆ, ಇಟಾಸ್ಕಾದ ಒಂದು ಆಫೀಸಿನಲ್ಲಿ ಸಿಕ್ಕಿತು. ನಾವು ಗ್ಲೆಂಡೇಲ್ ಹೈಟ್ಸ್‌ಗೆ ಮನೆ ಬದಲಿಸಿದೆವು. ಹೊರಡುವ ದಿನ ಅಧ್ಯಕ್ಷರು ಬಂದು ಟ್ರಕ್ಕಿಗೆ ಪೆಟ್ಟಿಗೆ ಏರಿಸುವುದನ್ನು ನೋಡುತ್ತ ನಿಂತು, "ಹಳದಿ ಟ್ರಕ್ಕಿಗೆ ಬಿಳಿ ಅಕ್ಷರ ಬರ್ದಿದ್ದಾರೆ, ಮೂರ್ಖರು" ಎಂದು ಬೈದರು. ಬೇರೇನೂ ಹೇಳಲಿಲ್ಲ.

ಆ ವರ್ಷದ ಕೊನೆಯಲ್ಲಿ ಅವರ ಫೋನ್ ಬಂತು. ಡೆಟ್ರಾಯಿಟಿನ ಆಚೆ ಬದಿಯಲ್ಲಿ ನೂರಾರು ಕುಟುಂಬಗಳ, ನಾಟಕದ ತಂಡವೂ ಕ್ರಿಕೆಟ್ ತಂಡವೂ ಇದ್ದ ದೊಡ್ಡ ಕನ್ನಡ ಸಂಘವೊಂದಿತ್ತು. ಅದರ ಕಾರ್ಯದರ್ಶಿ ಇವರ ಮನೆಗೆ ಬಂದು, ಉಪ್ಪಿಟ್ಟು ತಿಂದು, ನಿಮ್ಮ ಬಳಗ ನಮ್ಮಲ್ಲಿ ಸೇರಿಬಿಡಲಿ ಎಂದು ವಿನಯದಿಂದಲೇ ಕೇಳಿ ಹೋಗಿದ್ದರು.

"ಬಾವುಟ ಏನಾಗತ್ತೆ ಅಂತ ಕೇಳಿದೆ. ನಮ್ಮದೇ ಒಂದು ಲೋಗೋ ಇದೆಯಲ್ಲ ಸಾರ್ ಅಂದ್ರು. ನೋಡಿದ್ದೀಯ ಅದನ್ನ? ಕರ್ನಾಟಕದ ಮ್ಯಾಪು, ಮ್ಯಾಪೊಳಗೆ ದೀಪ, ದೀಪದ ಹಿಂದೆ ನವಿಲು, ನವಿಲಿನ ಕೆಳಗೆ ಮಿಶಿಗನ್ನು, ಅದರ ಸುತ್ತ ಮಲ್ಲಿಗೆ ಹಾರ. ಲಾಂಛನ ಅಲ್ಲ ಕಣಯ್ಯ ಅದು, ಸಂತೆ."

"ಜನ ಏನಂತಾರೆ ಸಾರ್?"

"ಅರ್ಧ ಜನ ಸೇರಣ ಅಂತಾರೆ, ಅರ್ಧ ಜನ ಬೇಡ ಅಂತಾರೆ. ಭಾನುವಾರ ಮಹಾಸಭೆ. ನಿನ್ನ ಸದಸ್ಯತ್ವ ಡಿಸೆಂಬರ್ ಕೊನೇವರೆಗೂ ಇದೆ. ಬಂದು ಕೈ ಎತ್ತು."

ಆಮೇಲೆ ಅವರು ಜರ್ಮನಿಯಲ್ಲಿ ತಾವು ಬಾಡಿಗೆಗಿದ್ದ ಮನೆಯ ಒಡತಿಯ ವಿಷಯ ಹೇಳಿದರು. ಆ ಮುದುಕಿಯ ಹಳ್ಳಿಯನ್ನು ಎಷ್ಟೋ ವರ್ಷಗಳ ಹಿಂದೆ ಸರ್ಕಾರ ಪಕ್ಕದ ನಗರಕ್ಕೆ ಸೇರಿಸಿಬಿಟ್ಟಿತ್ತು. ಅಲ್ಲಿ ಸಾವಿರಾರು ಹಳ್ಳಿಗಳಿಗೆ ಹೀಗಾಯಿತಂತೆ. ಹಳ್ಳಿಯ ಲಾಂಛನ ಕಾನೂನಿನ ಲೆಕ್ಕದಿಂದ ಹೊರಗೆ ಬಿತ್ತು. ಆದರೂ ಆಕೆ ವರ್ಷಕ್ಕೊಂದು ದಿನ ಕಿಟಕಿಯಿಂದ ಹಳೆಯ ಬಾವುಟವನ್ನು ಇಳಿಬಿಡುತ್ತಿದ್ದಳು. ಇದು ಯಾವ ಊರಿನದು ಎಂದು ಇವರು ಕೇಳಿದರೆ, ಈ ಊರಿನದು ಎಂದಳು. ಈ ಊರು ಈಗಿಲ್ಲವಲ್ಲ ಎಂದರೆ, "ಹಾಗಂತ ನಗರಸಭೆಯವರು ಹೇಳುತ್ತಾರೆ" ಎಂದಳಂತೆ.

"ಆಗ ನಂಗೆ ನಗು ಬಂದಿತ್ತು" ಎಂದರು ಅಧ್ಯಕ್ಷರು. "ಈಗ ನಾನೇ ಆ ಕಿಟಕಿ ಹತ್ರ ನಿಲ್ಲೋ ಹಾಗಾಗಿದೆ. ಕೆಲಸ ಹೋಯ್ತು, ಸರಿ. ಇದೂ ಹೋದ್ರೆ ನಾನು ಯಾರು ಅಂತ ಹೇಳ್ಕೊಳ್ಲಿ?"

ತಮ್ಮ ಬಗ್ಗೆ ಅವರ ಬಾಯಲ್ಲಿ ತಮಾಷೆಯಿಲ್ಲದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಭಾನುವಾರ ಬೆಳಗಾಗುವ ಮೊದಲೇ ಹೊರಟು, ಮುನ್ನೂರು ಮೈಲಿ, ಹಿಮದ ಹುಡಿಯಲ್ಲಿ ಡ್ರೈವ್ ಮಾಡಿಕೊಂಡು ಹೋದೆ.

ಸಭೆ ಸೇರಿದ್ದು ಟೌನ್‌ಶಿಪ್ ಲೈಬ್ರರಿಯ ಒಂದು ಕೋಣೆಯಲ್ಲಿ. ಗೋಡೆಗೆ ಒರಳಿನ ಬಾವುಟ. ಮೇಜಿನ ಹಿಂದೆ ಟೈ ಕಟ್ಟಿದ ಅಧ್ಯಕ್ಷರು. ಬಳಗದ ನಿಯಮಾವಳಿಯನ್ನು ಅವರೇ ರಚಿಸಿದ್ದರು. ಅದರ ಪ್ರಕಾರ ಅಧ್ಯಕ್ಷರಿಗೆ ಮತವಿಲ್ಲ, ಎರಡೂ ಕಡೆ ಸಮವಾದರೆ ಮಾತ್ರ ಉಂಟು. ಮೊದಲು ಬೇಡ ಎನ್ನುವವರು ಮಾತಾಡಿದರು. ಸ್ವಾಭಿಮಾನ, ಪರಂಪರೆ, ಅಸ್ಮಿತೆ ಎಲ್ಲ ಬಂದವು. ಒಂದು ಗ್ರೈಂಡರಿನ ಸುತ್ತ ಇಷ್ಟೊಂದು ಅಸ್ಮಿತೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಸೇರೋಣ ಎನ್ನುವವರ ಪರವಾಗಿ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಎದ್ದಳು. ಅವಳ ಗಂಡನಿಗೆ ಕೆಲಸ ಹೋಗಿ ಆರೇಳು ತಿಂಗಳಾಗಿತ್ತು. ಅವಳ ಒಬ್ಬಳೇ ಮಗಳು ಅಧ್ಯಕ್ಷರ ಅಚ್ಚುಮೆಚ್ಚಿನ ಶಿಷ್ಯೆ.

"ಅಧ್ಯಕ್ಷರ, ಸಿಟ್ಟಾಗಬ್ಯಾಡ್ರಿ ಮತ್ತ. ಹ್ವಾದ ವಾರ ಕ್ಲಾಸಿನ್ಯಾಗ ಎಷ್ಟ ಮಂದಿ ಇದ್ರು ಹೇಳ್ರಿ?"

ಅಧ್ಯಕ್ಷರು ಕನ್ನಡಕ ಸರಿ ಮಾಡಿಕೊಂಡರು. "ನಿನ್ನ ಮಗಳಿದ್ದಳು."

"ಮತ್ತ?"

"ನಾನಿದ್ದೆ."

"ಅಷ್ಟ ರೀ. ಮನಿಗೆ ಬಂದ ಮ್ಯಾಲೆ ಕೇಳ್ತಾಳ, ಅಮ್ಮಾ, ಆಮ್ ಐ ದ ಲಾಸ್ಟ್ ಒನ್ ಅಂತ. ಏನ್ ಹೇಳ್ಲಿ ನಾ? ಎಲ್ಲಾರೂ ಅಸ್ಮಿತೆ ಅಸ್ಮಿತೆ ಅಂತೀರಿ, ಆ ಕೂಸಿನ ಬಾಜೂಕ ಕುಂದ್ರಾಕ ಒಂದು ಕೂಸು ಕೊಡ್ರಿ. ನಿಮ್ಮ ಒರಳು ನಮಗೂ ಬೇಕ್ರೀ. ಆದ್ರ ರುಬ್ಬಾಕ ಮಂದಿ ಬೇಕಲ್ಲ?"

ಯಾರೋ ನಕ್ಕರು, ನಗು ಅರ್ಧಕ್ಕೆ ನಿಂತಿತು. ಖಜಾಂಚಿ ಕೈ ಎತ್ತಿಸಿ ಎಣಿಸಿದ. ನಾನು ಬೇಡ ಎನ್ನುವವರ ಜೊತೆ, ತೋಳು ನೋಯುವಷ್ಟು ಮೇಲಕ್ಕೆ ಎತ್ತಿದೆ. ಎರಡೂ ಕಡೆ ಸಮ. ಅವನು ಮತ್ತೊಮ್ಮೆ ಎಣಿಸಿದ. ಸಮವೇ. ಕೋಣೆಯಲ್ಲಿದ್ದವರೆಲ್ಲ ಮೇಜಿನ ಕಡೆ ತಿರುಗಿದರು. ಫಲಿತಾಂಶ ಗೊತ್ತೇ ಇದ್ದುದರಿಂದ ಕೆಲವರು ಕೋಟು ಹಾಕಿಕೊಳ್ಳಲು ಶುರುಮಾಡಿದ್ದರು.

ಅಧ್ಯಕ್ಷರು ಹುಬ್ಬಳ್ಳಿಯವಳನ್ನು ನೋಡಲಿಲ್ಲ, ಬಾವುಟವನ್ನೂ ನೋಡಲಿಲ್ಲ. ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಅದನ್ನು ಎತ್ತಿ, "ಸೇರುವುದರ ಪರ" ಎಂದರು. ಬಳಗದ ನಿಯಮಾವಳಿಗೆ ತಕ್ಕ ಗ್ರಾಂಥಿಕ ಕನ್ನಡದಲ್ಲಿ, "ಮಹಾಸಭೆಯನ್ನು ಮುಕ್ತಾಯಗೊಳಿಸಲಾಗಿದೆ" ಎಂದೂ ಸೇರಿಸಿದರು.

ಪಾರ್ಕಿಂಗ್ ಲಾಟಿನಲ್ಲಿ ನಾನು ಅವರನ್ನು ಹಿಡಿದೆ. ಸಿಟ್ಟಿನಲ್ಲಿ ಚಳಿಯೂ ತಿಳಿಯುತ್ತಿರಲಿಲ್ಲ.

"ಏನ್ ಸಾರ್ ಇದು? ಮುನ್ನೂರು ಮೈಲಿ ಬಂದು ನಿಮಗೋಸ್ಕರ ಕೈ ಎತ್ತಿದೀನಿ. ನೀವೇ ಆ ಕಡೆ ಹಾಕಿಬಿಟ್ರಲ್ಲ! ಸೇರೋದೇ ಆಗಿದ್ರೆ ನನ್ನನ್ನ ಯಾಕೆ ಕರೆಸಿದ್ರಿ? ನಾನು ಬರದೇ ಇದ್ರೂ ಅದೇ ಆಗ್ತಿತ್ತು."

"ಅದೇ ಆಗ್ತಿರ್ಲಿಲ್ಲ ಕಣಯ್ಯ." ಅವರು ಕಾರಿನ ಗಾಜಿನ ಮೇಲಿನ ಹಿಮವನ್ನು ಕೆರೆಯುತ್ತಿದ್ದರು, ಕೆರೆಯುತ್ತಲೇ ಹೇಳಿದರು. "ನೀನು ಬರದೇ ಇದ್ದಿದ್ರೆ ನಾವು ಒಂದು ಮತದಿಂದ ಸೋಲ್ತಿದ್ವಿ. ಅವರು ಕಿತ್ಕೊಂಡ ಹಾಗೆ. ನೀನು ಬಂದೆ, ಸಮ ಆಯ್ತು, ನನ್ನ ಕೈಗೆ ಬಂತು. ಕೈಲಿ ಇದ್ದಿದ್ದಕ್ಕೆ ಕೊಟ್ಟೆ. ಸೋತದ್ದು ಬೇರೆ, ಕೊಟ್ಟದ್ದು ಬೇರೆ."

"ಬರುವಾಗ್ಲೇ ಕೊಡೋ ಮನಸ್ಸಿತ್ತಾ?"

"ಇಲ್ಲಪ್ಪ. ಗೆಲ್ಲೋಕೇ ಬಂದಿದ್ದೆ. ಆ ಹುಬ್ಬಳ್ಳಿ ಹುಡುಗಿ 'ಮತ್ತ?' ಅಂದ್ಲಲ್ಲ, ಅಲ್ಲಿ ಕೆಟ್ಟಿತು." ಕೆರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಊಟ ಮಾಡ್ಕೊಂಡು ಹೋಗು. ಹುಳಿ ಇದೆ."

ದೊಡ್ಡ ಸಂಘದವರು ಅವರನ್ನು ಗೌರವಾಧ್ಯಕ್ಷರನ್ನಾಗಿ ಮಾಡಲು ಹೊರಟರು. ಗೌರವ ಬೇರೆ, ಅಧ್ಯಕ್ಷ ಬೇರೆ, ಎರಡನ್ನೂ ಒಂದರ ಮೇಲೊಂದು ಹಚ್ಚಬಾರದು ಎಂದು ಇವರು ನಿರಾಕರಿಸಿದರು. ಕನ್ನಡ ಕ್ಲಾಸು ಮಾತ್ರ ಕೇಳಿ ಪಡೆದರು. ಅಲ್ಲಿ ಮಕ್ಕಳು ತುಂಬಿದ್ದರು. ಹುಬ್ಬಳ್ಳಿಯವಳ ಮಗಳ ಎರಡೂ ಪಕ್ಕದಲ್ಲಿ ಒಂದೊಂದು ಮಗು ಕೂತಿತು. ಇನ್ನೊಂದು ವರ್ಷದೊಳಗೆ ದೇವಸ್ಥಾನದಲ್ಲಿ ಎಡಗೈ ಚಾಚುವ ಮಕ್ಕಳ ಸಂಖ್ಯೆ ಗಾಬರಿ ಹುಟ್ಟಿಸುವಷ್ಟು ಬೆಳೆದು, ಕೊನೆಗೆ ಅರ್ಚಕರೇ ರಾಜಿಯಾಗಿ "ಆ ಕೈ ಅಲ್ಲ, ಇನ್ನೊಂದು ಕೈ ನೀಡಿ" ಎನ್ನುವುದನ್ನು ರೂಢಿಸಿಕೊಂಡರು.

ನನ್ನ ಬದುಕಿನಲ್ಲಿ ಆಮೇಲೆ ಕೈಬಿಟ್ಟು ಹೋದವು ಕೆಲವಿವೆ. ಮಗ ದೂರದ ಕಾಲೇಜಿಗೆ ಹೊರಟು ನಿಂತ ದಿನ, ಇಟಾಸ್ಕಾದ ಆಫೀಸಿನಲ್ಲಿ ನಾನು ಕಟ್ಟಿ ಬೆಳೆಸಿದ ವಿಭಾಗವನ್ನು ನನಗಿಂತ ಚಿಕ್ಕವನಿಗೆ ಒಪ್ಪಿಸಬೇಕಾದ ದಿನ, ಎದೆಯಲ್ಲಿ ಏನೋ ಮೊಂಡಾಗಿ ಹಟ ಹಿಡಿದು ಕೂರುತ್ತಿತ್ತು. ಆಗೆಲ್ಲ ಹಿಮ ಕೆರೆಯುವ ಆ ಸದ್ದು ಕೇಳುತ್ತಿತ್ತು. ಇನ್ನೂ ನನ್ನ ಕೈಯಲ್ಲಿರುವಾಗಲೇ ಬೆರಳು ಬಿಚ್ಚುವುದನ್ನು ನಾನು ಕಲಿತದ್ದಿದ್ದರೆ ಅವರಿಂದ. ಪೂರ್ತಿ ಕಲಿತೆನೆಂದು ಹೇಳಲಾರೆ. ಅವರಿಗೂ ಅದು ಒಂದೇ ಮಧ್ಯಾಹ್ನಕ್ಕೆ ಬಂದದ್ದಲ್ಲ ಎಂಬ ಅನುಮಾನ ನನಗಿದೆ. ವಿಲೀನವಾದ ಮರುವರ್ಷದ ರಾಜ್ಯೋತ್ಸವದಲ್ಲಿ ಅವರು ಕೊನೆಯ ಸಾಲಿನಲ್ಲಿ ಕೂತು, ವೇದಿಕೆಯ ಮೇಲಿನ ನವಿಲು-ದೀಪ-ಮಲ್ಲಿಗೆಯನ್ನು ನೋಡಲಾರದೆ ಎರಡು ಗಂಟೆ ಕಾಲ ಕಾರ್ಯಕ್ರಮದ ಪಟ್ಟಿಯನ್ನೇ ಓದಿದರಂತೆ.

ಕೆಲವು ಚಳಿಗಾಲಗಳ ನಂತರ ಹುಬ್ಬಳ್ಳಿಯವಳು ಫೋನ್ ಮಾಡಿ, "ಅಧ್ಯಕ್ಷರಿಗೆ ಆರಾಮ ಇಲ್ರಿ, ಬರೋದಿದ್ರ ಈಗ ಬರ್ರಿ" ಎಂದಳು. ಹೃದಯ ಸೋತಿತ್ತು. ಆಸ್ಪತ್ರೆಯ ಆ ಮಹಡಿಯಲ್ಲಿ ಎಲಿವೇಟರ್ ಬಾಗಿಲು ತೆರೆದಾಗ ನಾನು ಯಾವುದೋ ಮದುವೆಮನೆಗೆ ಬಂದೆನೇ ಎನಿಸಿತು. ಕುರ್ಚಿಗಳೆಲ್ಲ ಭರ್ತಿ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿಗಳು. ನಾನು ಕಂಡರಿಯದ ಮುಖಗಳೇ ಹೆಚ್ಚು; ಎಲ್ಲ ದೊಡ್ಡ ಸಂಘದವರು. ಯಾವ ಹೊತ್ತಿಗೆ ಯಾರು ಗಂಜಿ ತರಬೇಕು, ಯಾರು ಪಕ್ಕದಲ್ಲಿ ಕೂರಬೇಕು ಎಂದು ಹುಬ್ಬಳ್ಳಿಯವಳು ಸರದಿ ಹಚ್ಚಿದ್ದಳು. ನಮ್ಮ ಬಳಗವೇ ಉಳಿದಿದ್ದರೆ ಅಷ್ಟು ದಿನದ ಸರದಿಗೆ ಜನ ಎಲ್ಲಿಂದ ತರುತ್ತಿದ್ದಳೋ. ನರ್ಸ್ ಬಂದು, ದಯವಿಟ್ಟು ಮನೆಯವರು ಮಾತ್ರ ಇರಿ ಎಂದಳು. ಯಾರೂ ಏಳಲಿಲ್ಲ.

ಒಳಗೆ ಅಧ್ಯಕ್ಷರು ದಿಂಬಿಗೆ ಒರಗಿದ್ದರು. ಬಹಳ ಇಳಿದುಹೋಗಿದ್ದರು. ನನ್ನನ್ನು ಕಂಡು ಬಾಗಿಲ ಆಚೆಯ ಗದ್ದಲದ ಕಡೆ ಕಣ್ಣು ತೋರಿಸಿದರು.

"ನೋಡಿದ್ಯಾ? ನಿದ್ದೆ ಮಾಡೋಕೆ ಬಿಡಲ್ಲ. ದಿನಕ್ಕೆ ಮೂರು ಥರ ಗಂಜಿ. ಸೇರೋದು ಬೇಡ ಅಂತ ನಾನು ಮೊದಲೇ ಹೇಳಿದ್ದೆ."

ನಾನು ನಕ್ಕೆ. ಅವರು ನಗಲು ಹೋಗಿ ಕೆಮ್ಮಿದರು. ನೀರು ಕುಡಿಸಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು, ಮಲಗಿದರೇನೋ ಎಂದುಕೊಂಡು ಎದ್ದೆ.

"ಅವತ್ತು ನಿನ್ನ ಮತಾನ ನಾನು ವ್ಯರ್ಥ ಮಾಡ್ದೆ ಅಂತ ಸಿಟ್ಟಿತ್ತಲ್ಲ ನಿಂಗೆ" ಎಂದರು, ಕಣ್ಣು ತೆರೆಯದೆ. "ವ್ಯರ್ಥ ಆಗಿಲ್ಲ ಕಣಯ್ಯ. ನನ್ನ ಹತ್ರಾನೇ ಇದೆ. ವಾಪಸ್ ಬೇಕಾ?"

"ಬೇಡ ಸಾರ್. ನಿಮ್ಮ ಹತ್ರಾನೇ ಇರ್ಲಿ."

"ಸರಿ" ಎಂದರು.

ಎರಡು ದಿನ ಬಿಟ್ಟು ಹೋದರು, ನನ್ನ ಮತ ಇಟ್ಟುಕೊಂಡೇ.